ಕವಾಟ ಬೆಂಗಳೂರಿನಲ್ಲಿ, ಕಿಡ್ನಿ ತಾವರೆಕೆರೆಯಲ್ಲಿ

ಹೃದಯದ ಕವಾಟಕ್ಕೆ ಚಿಕಿತ್ಸೆ ಸಿಗುವುದು ಬೆಂಗಳೂರಿನಲ್ಲಿ. ಆ ಚಿಕಿತ್ಸೆಯಾದ ಎರಡು ಮೂರು ದಿನಕ್ಕೆ ಕಿಡ್ನಿ ಕೈಕೊಡುತ್ತದೋ ಇಲ್ಲವೋ ಎಂಬುದರ ದೊಡ್ಡ ಪಾಲು ಮಾತ್ರ ಎಷ್ಟೋ ತಿಂಗಳು ಮೊದಲೇ ಊರಿನಲ್ಲಿ ನಿಶ್ಚಯವಾಗಿರುತ್ತದೆ. ಶಿರಾ ದಾಟಿ ಹಿರಿಯೂರಿನತ್ತ ಸಾಗುವ ಹೆದ್ದಾರಿಯ ತಾವರೆಕೆರೆಯಿಂದಲೋ, ಪಾವಗಡ, ಮಧುಗಿರಿ, ಕೊರಟಗೆರೆಯ ಹಳ್ಳಿಗಳಿಂದಲೋ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಬಸ್ಸು ಹತ್ತುವವರು ಕೆಟ್ಟ ವಾಲ್ವೊಂದನ್ನೇ ಒಯ್ಯುವುದಿಲ್ಲ. ಎಂಟೋ ಒಂಬತ್ತೋ ಇರುವ ಹೀಮೋಗ್ಲೋಬಿನ್, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯ ಫಲ, ತಡವಾಗಿ ಹೊರಟದ್ದರಿಂದ ಬಂದ ಕಾಲಿನ ಊತ, ‘ನಾರ್ಮಲ್’ ಎಂದು ಬರೆದ ಕ್ರಿಯೇಟಿನಿನ್ ಚೀಟಿ, ಇವೂ ಜೊತೆಗೆ ಹೋಗುತ್ತವೆ. ಕವಾಟದ ಚಿಕಿತ್ಸೆಯಾದ ಮೇಲೆ ಕಿಡ್ನಿಗೆ ಏಕೆ ಪೆಟ್ಟು ಬೀಳುತ್ತದೆ ಎಂದು ಕೇಳುವಾಗ ನಾವು ಆಪರೇಷನ್ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತೇವೆ. ಹುಡುಕಬೇಕಾದ ಜಾಗ ಅದಕ್ಕಿಂತ ನೂರಿಪ್ಪತ್ತು ಕಿಲೋಮೀಟರು ಹಿಂದಿದೆ.

ಮೊದಲು ಈ ‘ಪೆಟ್ಟು’ ಎಂದರೇನು ಎಂಬುದು ಸ್ಪಷ್ಟವಾಗಲಿ. ಕಿಡ್ನಿ ಹಾಳಾಯಿತು ಎಂದೊಡನೆ ಡಯಾಲಿಸಿಸ್ ಯಂತ್ರ ಕಣ್ಣ ಮುಂದೆ ಬರುತ್ತದೆ. ವೈದ್ಯರ ಲೆಕ್ಕ ಅಷ್ಟು ದೂರ ಹೋಗಬೇಕಿಲ್ಲ. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕಿಡ್ನಿ ಹೊರಹಾಕಬೇಕಾದ ಕ್ರಿಯೇಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ 48 ಗಂಟೆಯೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನದಲ್ಲಿ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅಥವಾ ಆರು ಗಂಟೆ ಕಾಲ ಮೂತ್ರ ತೀರಾ ಕಡಿಮೆಯಾದರೆ ಅದು ಕಿಡ್ನಿಯ ತೀವ್ರ ಹಾನಿಯೇ. ಹೃದಯದ ಆಪರೇಷನ್ ಆದವರಲ್ಲಿ ನಾಲ್ಕೈದು ಮಂದಿಗೊಬ್ಬರಾದರೂ ಈ ಗೆರೆ ದಾಟುತ್ತಾರೆ. ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ, ಡಯಾಲಿಸಿಸ್ ತನಕ ಹೋಗುವವರು ನೂರಕ್ಕೆ ಕೆಲವರಷ್ಟೆ. 0.3 ಏರಿದರೆ ಏನು ಮಹಾ ಎನ್ನುವವರಿಗೆ ವಿಯೆನ್ನಾದ ವೈದ್ಯರು 2004ರಲ್ಲೇ ಉತ್ತರ ಕೊಟ್ಟಿದ್ದಾರೆ. ಹೃದಯದ ಆಪರೇಷನ್ ಆದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಕ್ರಿಯೇಟಿನಿನ್ ಅರ್ಧ ಮಿಲಿಗ್ರಾಮಿನೊಳಗೆ ಏರಿದವರಲ್ಲೂ ತಿಂಗಳೊಳಗಿನ ಸಾವು ಹತ್ತಿರ ಹತ್ತಿರ ಮೂರು ಪಟ್ಟಾಗಿತ್ತು. ಇನ್ನೊಂದು ತುದಿಯಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 42 ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಅವರಲ್ಲಿ ಡಯಾಲಿಸಿಸ್ ಬೇಕಾದವರು ಶೇ. 1.1 ಮಾತ್ರ, ಆದರೆ ಆ ಗುಂಪಿನಲ್ಲಿ ತಿಂಗಳೊಳಗೆ ತೀರಿಕೊಂಡವರು ಶೇ. 63.7. ಉಳಿದವರಲ್ಲಿ ಶೇ. 4.3. ಇಂದಿನ ಐಸಿಯು ಅಂದಿನದಕ್ಕಿಂತ ಎಷ್ಟೋ ಮೇಲು. ಆದರೂ ಆ ಅಂತರ ಮುಚ್ಚಿಲ್ಲ.

ಹೃದಯಕ್ಕೆ ಕತ್ತರಿ ಹಾಕಿದರೆ ಕಿಡ್ನಿಗೇಕೆ ನೋವು? ಹೃದಯ ಪಂಪು ಮಾಡುವ ರಕ್ತದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಕಿಡ್ನಿಗೇ ಹೋಗುತ್ತದೆ. ಆದರೆ ಅದರಲ್ಲಿ ಬಹುಪಾಲು ಕಿಡ್ನಿಯ ಹೊರಪದರದಲ್ಲೇ ಖರ್ಚಾಗುತ್ತದೆ. ಒಳಪದರ ಹೇಮಾವತಿ ನಾಲೆಯ ಕೊನೆಯಂಚಿನ ಹೊಲವಿದ್ದಂತೆ: ಮೇಲೆ ಸ್ವಲ್ಪ ಹರಿವು ತಗ್ಗಿದರೂ ಮೊದಲು ಒಣಗುವುದು ಅಲ್ಲಿ. ಆರೋಗ್ಯವಂತರಲ್ಲೂ ಆ ಒಳಪದರ ಆಮ್ಲಜನಕದ ಕೊರತೆಯ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ. ಎದೆ ತೆರೆದು ಕವಾಟ ಬದಲಿಸುವಾಗ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ಒಪ್ಪಿಸಬೇಕು. ಯಂತ್ರದ ಕೊಳವೆ ತುಂಬಲು ಹಾಕುವ ದ್ರವದಿಂದ ರಕ್ತ ತೆಳುವಾಗುತ್ತದೆ. ಪಂಪಿನ ಒತ್ತಡಕ್ಕೆ ಕೆಂಪು ರಕ್ತಕಣಗಳು ಒಡೆದು, ಹೊರಚೆಲ್ಲಿದ ಹೀಮೋಗ್ಲೋಬಿನ್ ಕಿಡ್ನಿಯ ಸೂಕ್ಷ್ಮ ನಾಳಗಳನ್ನು ಬಿಗಿಯುತ್ತದೆ. ಹೊತ್ತು ಬೆಳೆದಷ್ಟೂ ಹಾನಿ ಬೆಳೆಯುತ್ತದೆ. ಎರಡು ಕವಾಟವಾದರೆ ಒಂದಕ್ಕಿಂತ ಹೆಚ್ಚು ಹೊತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2005ರಲ್ಲಿ ರೂಪಿಸಿದ ಅಪಾಯದ ಅಂಕಪಟ್ಟಿಯಲ್ಲಿ ಕವಾಟದ ಆಪರೇಷನ್ನಿಗೇ ಒಂದು ಅಂಕವಿದೆ, ಬೈಪಾಸ್ ಜೊತೆ ಸೇರಿದರೆ ಎರಡು. ಆದರೆ ಆ ಪಟ್ಟಿಯ ಉಳಿದ ಸಾಲುಗಳನ್ನು ಓದಿ ನೋಡಬೇಕು: ಹೆಣ್ಣಾಗಿರುವುದು, ಹೃದಯ ವೈಫಲ್ಯ, ಹೃದಯದ ಕುಗ್ಗಿದ ಬಲ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಹಿಂದೆ ಆಗಿದ್ದ ಹೃದಯದ ಆಪರೇಷನ್, ತುರ್ತಾಗಿ ಮಾಡಬೇಕಾಗಿ ಬಂದದ್ದು, ಮೊದಲೇ ಏರಿದ್ದ ಕ್ರಿಯೇಟಿನಿನ್. ಕ್ರಿಯೇಟಿನಿನ್ 2.1 ಮುಟ್ಟಿದ್ದರೆ ಅದೊಂದಕ್ಕೇ ಐದು ಅಂಕ. ಇವೆಲ್ಲ ರೋಗಿಯ ಜೊತೆಗೇ ಆಸ್ಪತ್ರೆಯ ಬಾಗಿಲು ದಾಟಿ ಬಂದವು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ‘ಹಾನಿ ಆಗುವುದು ಯಂತ್ರದ ಮೇಲೆ ಇರುವಾಗ. ಹಾಗಿದ್ದ ಮೇಲೆ ಯಂತ್ರವನ್ನೂ ಔಷಧವನ್ನೂ ಸುಧಾರಿಸಿ, ಹಳ್ಳಿಯ ಮೇಲೇಕೆ ಹೊರೆ ಹಾಕುತ್ತೀರಿ?’ ಆ ದಾರಿಯನ್ನು ವೈದ್ಯಲೋಕ ಪ್ರಯತ್ನಿಸದೆ ಬಿಟ್ಟಿಲ್ಲ. ಕಡಿಮೆ ಪ್ರಮಾಣದ ಡೋಪಮಿನ್ ಕಿಡ್ನಿ ಕಾಯುತ್ತದೆಂದು ದಶಕಗಳ ಕಾಲ ನಂಬಿ ಕೊಟ್ಟರು. 2000ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಸಿಯುಗಳ ಪ್ರಯೋಗ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಫೆನಾಲ್ಡೊಪಾಮ್ ಬಂತು, 2014ರಲ್ಲಿ ಇಟಲಿಯಲ್ಲಿ ಸೋತಿತು. ಆಪರೇಷನ್ನಿನ ಹೊತ್ತಿಗೆ ಕೊಟ್ಟ ರೋಸುವಸ್ಟಾಟಿನ್ 2016ರ ಬೀಜಿಂಗ್ ಪ್ರಯೋಗದಲ್ಲಿ ಕಿಡ್ನಿ ಹಾನಿಯನ್ನು ಹೆಚ್ಚೇ ಮಾಡಿತು. ಗೆದ್ದವೂ ಕೆಲವಿವೆ. ನಮ್ಮ ರೋಗಿಗಳಿಗೆ ಹತ್ತಿರವಾದದ್ದು ಚೀನಾದ ಷಿಯಾನ್ ನಗರದ ಪ್ರಯೋಗ. ಒಂದಕ್ಕಿಂತ ಹೆಚ್ಚು ಕವಾಟ ಬದಲಿಸಿಕೊಂಡ, ಬಹುಪಾಲು ರುಮ್ಯಾಟಿಕ್ ಕಾಯಿಲೆಯ (ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಕವಾಟ ಕೆಡಿಸುವ ಕಾಯಿಲೆ) 244 ಜನರಲ್ಲಿ ಕೆಲವರಿಗೆ ಯಂತ್ರದ ಮೂಲಕ ನೈಟ್ರಿಕ್ ಆಕ್ಸೈಡ್ ಅನಿಲ ಕೊಟ್ಟಾಗ ಕಿಡ್ನಿ ಹಾನಿ ಶೇ. 64ರಿಂದ 50ಕ್ಕೆ ಇಳಿಯಿತು. 3,511 ಜನರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಮೈನೊ ಆಮ್ಲದ ಪ್ರಯೋಗದಲ್ಲಿ ಶೇ. 31.7ರಿಂದ 26.9ಕ್ಕೆ ಇಳಿಯಿತು. ಸಂತೋಷದ ಸುದ್ದಿಯೇ. ಆದರೆ ಗೆದ್ದ ಪ್ರಯೋಗಗಳನ್ನೇ ಇನ್ನೊಮ್ಮೆ ಓದಿ: ಚಿಕಿತ್ಸೆ ಪಡೆದ ಗುಂಪಿನಲ್ಲೂ ಅರ್ಧದಷ್ಟು, ಕಾಲು ಭಾಗದಷ್ಟು ಜನರಿಗೆ ಹಾನಿ ಆಗಿಯೇ ಆಗಿದೆ. ಯಂತ್ರದ ಕಡೆಯಿಂದ ಸಿಗುವ ಲಾಭಕ್ಕೆ ಒಂದು ಮೇಲ್ಮಿತಿಯಿದೆ. ಉಳಿದದ್ದನ್ನು ಯಂತ್ರಕ್ಕೆ ಏರುವ ದೇಹದಲ್ಲೇ ಹುಡುಕಬೇಕು.

ಆ ದೇಹ ಯಾರದು? ಪಶ್ಚಿಮದ ಪುಸ್ತಕಗಳಲ್ಲಿ ಕವಾಟದ ರೋಗಿ ಎಂದರೆ ಎಪ್ಪತ್ತೈದು ದಾಟಿದ, ಸುಣ್ಣಗಟ್ಟಿದ ಅಯೋರ್ಟಿಕ್ ಕವಾಟದ ಮುದುಕ. ನಮ್ಮಲ್ಲಿ ಅಂಥವರೂ ಹೆಚ್ಚುತ್ತಿದ್ದಾರೆ. ಆದರೆ ಬಡ ಜಿಲ್ಲೆಗಳ ಕವಾಟದ ರೋಗಿ ಇನ್ನೂ ರುಮ್ಯಾಟಿಕ್ ಕಾಯಿಲೆಯವರೇ: ಐದರಿಂದ ಹದಿನೈದರ ವಯಸ್ಸಿನಲ್ಲಿ ಗಂಟಲು ನೋವು, ಆಮೇಲೆ ಜ್ವರ, ಕೀಲು ನೋವು, ಅದು ಮರೆತೇ ಹೋದ ಹತ್ತಿಪ್ಪತ್ತು ವರ್ಷದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಭಾರತವೂ ಸೇರಿದಂತೆ 14 ದೇಶಗಳ ರುಮ್ಯಾಟಿಕ್ ಹೃದ್ರೋಗಿಗಳನ್ನು ದಾಖಲಿಸಿದ ರೆಮಿಡಿ ಎಂಬ ಅಧ್ಯಯನದ 3,343 ಜನರಲ್ಲಿ ಅರ್ಧ ಮಂದಿಯ ವಯಸ್ಸು 28ಕ್ಕಿಂತ ಕಡಿಮೆ, ಮೂವರಲ್ಲಿ ಇಬ್ಬರು ಹೆಂಗಸರು. ಇವರಿಗೆ ಕಿಡ್ನಿಯನ್ನು ಬಹುಮಟ್ಟಿಗೆ ಕಾಪಾಡುವ ಚಿಕಿತ್ಸೆ ಒಂದಿದೆ. ಅದು ಹೊಸದೂ ಅಲ್ಲ. ಜಪಾನಿನ ಕಾಂಜಿ ಇನೂಯೆ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಬಲೂನ್ ಚಿಕಿತ್ಸೆ. ತೊಡೆಯ ರಕ್ತನಾಳದಿಂದ ಬಲೂನ್ ತೂರಿಸಿ, ಕಿರಿದಾದ ಮೈಟ್ರಲ್ ಕವಾಟವನ್ನು ಹಿಗ್ಗಿಸುತ್ತಾರೆ. ಎದೆ ಸೀಳುವುದಿಲ್ಲ, ಹಾರ್ಟ್-ಲಂಗ್ ಯಂತ್ರವಿಲ್ಲ, ಎಕ್ಸ್-ರೇಗೆ ಕಾಣಿಸುವ, ಕಿಡ್ನಿಗೆ ಹೊರೆಯಾಗಬಲ್ಲ ಡೈ ತೀರಾ ಅಲ್ಪ. ಜಯದೇವ ಸಂಸ್ಥೆ ಈ ಚಿಕಿತ್ಸೆಗೆ ದೇಶದಲ್ಲೇ ಹೆಸರಾದದ್ದು. ಆದರೆ ಬಲೂನ್ ಎಲ್ಲರಿಗೂ ಒಗ್ಗುವುದಿಲ್ಲ. ಕವಾಟ ಎಷ್ಟು ದಪ್ಪಗಾಗಿದೆ, ಎಷ್ಟು ಸುಣ್ಣ ಕಟ್ಟಿದೆ ಎಂದು ಎಕೋದಲ್ಲಿ ನೋಡಿ 4ರಿಂದ 16ರವರೆಗೆ ಅಂಕ ಹಾಕುತ್ತಾರೆ. 8 ಅಥವಾ ಅದರೊಳಗಿದ್ದರೆ ಬಲೂನಿಗೆ ಒಳ್ಳೆಯ ಕವಾಟ. ವರ್ಷ ಕಳೆದಂತೆ ಈ ಅಂಕ ಏರುತ್ತದೆ, ಇಳಿಯುವುದಿಲ್ಲ. ರುಮ್ಯಾಟಿಕ್ ಜ್ವರ ಮರಳದಂತೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ತಪ್ಪಿಸಿ ಜ್ವರ ಮರುಕಳಿಸಿದವರಲ್ಲಿ ಇನ್ನೂ ಬೇಗ ಏರುತ್ತದೆ. ತಡ ಮಾಡಿದವರಿಗೆ ಉಳಿಯುವುದು ಎದೆ ತೆರೆಯುವ ದಾರಿ. ಇನ್ನೂ ತಡವಾದರೆ ಎಡಗಡೆಯ ಕವಾಟದ ಹೊರೆ ಬಲಗಡೆಗೆ ಬಿದ್ದು ಟ್ರೈಕಸ್ಪಿಡ್ ಕವಾಟವೂ ಸೋರತೊಡಗುತ್ತದೆ, ಹೊಟ್ಟೆ ಉಬ್ಬುತ್ತದೆ, ಕಾಲು ಊದುತ್ತದೆ. ಆಗ ಕಿಡ್ನಿಯ ಪಾಡು ಎರಡೂ ಕಡೆಯಿಂದ ಕೆಡುತ್ತದೆ. ಮುಂದಿನಿಂದ ಬರುವ ರಕ್ತ ಕಡಿಮೆ, ಹಿಂದಿನಿಂದ ಹೊರಹೋಗಬೇಕಾದ ರಕ್ತಕ್ಕೆ ದಾರಿಯಿಲ್ಲ. ಇಂಥ ರೋಗಿಯ ಎರಡು ಮೂರು ಕವಾಟಗಳನ್ನು ಗಂಟೆಗಟ್ಟಲೆ ರಿಪೇರಿ ಮಾಡಿದ ಮೇಲೆ ಮೂತ್ರ ಕಡಿಮೆಯಾದರೆ, ಸರ್ಜನ್ನಿನ ಕೈಗಿಂತ ಕ್ಯಾಲೆಂಡರನ್ನು ದೂರಬೇಕು.

ಇನ್ನು ಆ ‘ನಾರ್ಮಲ್’ ಕ್ರಿಯೇಟಿನಿನ್ನಿನ ವಿಷಯ. ನನ್ನ ಮಟ್ಟಿಗೆ ಇಡೀ ವಿಚಾರದಲ್ಲಿ ಅತಿ ಹೆಚ್ಚು ಮೋಸ ಮಾಡುವ ಅಂಕಿ ಇದು. ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಮೈಯಲ್ಲಿ ಮಾಂಸವೇ ಇಲ್ಲದವರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಅದರ ಮಟ್ಟ ಏರಿ ಕಾಣುವುದಿಲ್ಲ. 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಬಹುದು. 30 ವರ್ಷದ, 70 ಕೆ.ಜಿ. ತೂಕದ ಗಂಡಸಿನ ಕ್ರಿಯೇಟಿನಿನ್ 1.1 ಇದ್ದರೆ ಅವನ ಕಿಡ್ನಿ ನಿಮಿಷಕ್ಕೆ ಸುಮಾರು 97 ಮಿಲಿಲೀಟರ್ ಶುದ್ಧಿ ಮಾಡುತ್ತಿದೆ ಎಂದಾಗುತ್ತದೆ. ವರ್ಷಗಳ ಹೃದ್ರೋಗದಿಂದ ಸೊರಗಿ 38 ಕೆ.ಜಿ.ಗೆ ಇಳಿದ 45 ವರ್ಷದ ಹೆಂಗಸಿನ ಕ್ರಿಯೇಟಿನಿನ್ ಕೂಡ 1.1 ಇದ್ದರೆ ಆಕೆಯ ಕಿಡ್ನಿಯ ಲೆಕ್ಕ ಸುಮಾರು 39. ಚೀಟಿಯ ಮೇಲಿನ ಸಂಖ್ಯೆ ಇಬ್ಬರಿಗೂ ಒಂದೇ. ಸಣ್ಣ ದೇಹಕ್ಕೆ ಸಣ್ಣ ಶುದ್ಧಿಯೇ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದದ್ದೇ. ಆಕೆಯ ಎತ್ತರ ಐದಡಿ, ಆತನದು ಐದಡಿ ಏಳಂಗುಲ ಎಂದಿಟ್ಟುಕೊಂಡು ದೇಹದ ಅಳತೆಗೆ ಸರಿಹೊಂದಿಸಿದರೂ ಆಕೆಯದು 53ರ ಸುತ್ತ, ಅವನದು 92ರ ಸುತ್ತ ನಿಲ್ಲುತ್ತದೆ. ಅಂದರೆ ಆಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಿಡ್ನಿ ಇಟ್ಟುಕೊಂಡು ಆಪರೇಷನ್ ಟೇಬಲ್ ಹತ್ತುತ್ತಿದ್ದಾಳೆ. ಚೀಟಿಯಲ್ಲಿ ‘ನಾರ್ಮಲ್’. ತೂಕ, ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಲು ತಾಲ್ಲೂಕು ಆಸ್ಪತ್ರೆಗೆ ಬೇಕಾದದ್ದು ಒಂದು ತಕ್ಕಡಿ, ಒಂದು ಮೊಬೈಲು. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ನೋಡಲು ಅದಕ್ಕೂ ಕಡಿಮೆ ಸಾಕು.

ರಕ್ತಹೀನತೆಯ ಲೆಕ್ಕವೂ ಇದೇ ಹೆಂಗಸಿನ ಮೇಲೆ ಬೀಳುತ್ತದೆ. 38 ಕೆ.ಜಿ.ಯ ದೇಹದಲ್ಲಿ ಇರುವುದು ಸುಮಾರು ಎರಡೂವರೆ ಲೀಟರ್ ರಕ್ತ. ಯಂತ್ರದ ಕೊಳವೆಗಳಿಗೆ ಒಂದೂಕಾಲು ಲೀಟರ್ ದ್ರವ ಹಾಕಿದರೆ 9 ಇದ್ದ ಹೀಮೋಗ್ಲೋಬಿನ್ 6ಕ್ಕೆ ಇಳಿಯುತ್ತದೆ. ಐದು ಲೀಟರ್ ರಕ್ತವಿರುವ 70 ಕೆ.ಜಿ.ಯ ಗಂಡಸಿನಲ್ಲಿ ಅದೇ ದ್ರವದಿಂದ 14 ಇದ್ದದ್ದು 11ಕ್ಕೆ ಇಳಿಯುತ್ತದೆ. ಅವನ ಕಿಡ್ನಿಯ ಒಳಪದರ ಹೇಗೋ ತಡೆದುಕೊಂಡೀತು. ಹಾಗಾದರೆ ಬೇರೆಯವರ ರಕ್ತ ಕೊಟ್ಟರಾಯಿತಲ್ಲ? ತೀರಾ ಇಳಿದಾಗ ಕೊಡಲೇಬೇಕು, ಕೊಡುತ್ತಾರೆ. ಆದರೆ ಸುಮಾರು ಐದು ಸಾವಿರ ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಟ್ರಿಕ್ಸ್-3 ಪ್ರಯೋಗದಲ್ಲಿ 9.5ಕ್ಕೆ ಇಳಿದೊಡನೆ ಧಾರಾಳವಾಗಿ ರಕ್ತ ಕೊಟ್ಟವರಿಗೂ 7.5ರವರೆಗೆ ಕಾದು ಕೊಟ್ಟವರಿಗೂ ಸಾವು, ಹೃದಯಾಘಾತ, ಪಾರ್ಶ್ವವಾಯು, ಡಯಾಲಿಸಿಸ್ ಇವನ್ನೆಲ್ಲ ಸೇರಿಸಿ ನೋಡಿದಾಗ ಧಾರಾಳತನದಿಂದ ಯಾವ ಲಾಭವೂ ಕಾಣಲಿಲ್ಲ. ರಕ್ತಹೀನತೆ ಬೇರೆ ಕಾಯಿಲೆಗಳ ಗುರುತು ಮಾತ್ರವಾಗಿದ್ದೀತು, ಅದೇ ಕಾರಣವೆಂದು ಹೇಗೆ ಹೇಳುವಿರಿ ಎಂಬ ಸಂಶಯಕ್ಕೂ ಅರ್ಥವಿದೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಿವೆಂಟ್ ಪ್ರಯೋಗ ಹೊಟ್ಟೆಯ ದೊಡ್ಡ ಆಪರೇಷನ್ನಿಗೆ ಮೊದಲು ನರಕ್ಕೆ ಕಬ್ಬಿಣಾಂಶ ಕೊಟ್ಟು ನೋಡಿತು, ಲಾಭ ಕಾಣಲಿಲ್ಲ. ಅದಕ್ಕೆ ಮೊದಲು, 2019ರಲ್ಲಿ ಪ್ರಕಟವಾದಂತೆ, ಜ್ಯೂರಿಕ್‌ನಲ್ಲಿ ಹೃದಯದ ಆಪರೇಷನ್ನಿನ ಹಿಂದಿನ ದಿನ ಕಬ್ಬಿಣ, ಬಿ12, ಫೋಲಿಕ್ ಆಮ್ಲ, ಎರಿಥ್ರೊಪೊಯಿಟಿನ್ ಒಟ್ಟಿಗೆ ಕೊಟ್ಟಾಗ ರಕ್ತ ಹಾಕಿಸಿಕೊಳ್ಳುವ ಅಗತ್ಯವೇನೋ ಕಡಿಮೆಯಾಯಿತು. ಕೊನೆಯ ಕೆಲವು ದಿನ, ವಾರಗಳ ದುರಸ್ತಿಯಿಂದ ಸಿಗುವುದು ಇಷ್ಟೇ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಆಪರೇಷನ್ನಿಗೆ ಸರದಿ ಕಾಯುವ ತಿಂಗಳುಗಳು ಅದನ್ನು ಸರಿಪಡಿಸಲು ಸಿಕ್ಕ ಸಮಯ. ಆ ಸಮಯ ಕಳೆಯುವುದು ಊರಿನಲ್ಲೇ.

ನೋವಿನ ಮಾತ್ರೆಯ ಕಥೆ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಬೇರೆಡೆಗಿಂತ ಗಂಭೀರ. ಪಾವಗಡ, ಶಿರಾ, ಮಧುಗಿರಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿರುವುದು ಹಳೆಯ ಸಂಗತಿ. ಹಲ್ಲಿನ ಕಲೆಯಲ್ಲಿ ಶುರುವಾದದ್ದು ಸೊಂಟ, ಮೊಣಕಾಲು, ಬೆನ್ನಿನ ಬಿಗಿತಕ್ಕೆ ಬರುತ್ತದೆ. ನೋವಿದ್ದ ಮೇಲೆ ಕೂಲಿಗೆ ಹೋಗಲು ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್ ಬೇಕು, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವವರಿಲ್ಲ. ಫ್ಲೋರೈಡೇ ಕವಾಟದ ರೋಗಿಯ ಕಿಡ್ನಿ ಕೆಡಿಸುತ್ತದೆ ಎಂಬುದು ನನ್ನ ವಾದವಲ್ಲ, ಅದು ತರುವ ಮಾತ್ರೆಯ ಅಭ್ಯಾಸದ ಬಗ್ಗೆ ಮಾತ್ರ ನನ್ನ ಮಾತು. ಕಿಡ್ನಿಗೆ ಹರಿವು ತಗ್ಗಿದಾಗ ಅದರ ಒಳಬಾಗಿಲಿನ ರಕ್ತನಾಳವನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ, ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ಕವಾಟದ ರೋಗಿ ಊತ ಇಳಿಸಲು ಲಾಸಿಕ್ಸ್ ಕೂಡ ನುಂಗುತ್ತಿರುತ್ತಾರೆ, ಕೆಲವರು ರಾಮಿಪ್ರಿಲ್‌ನಂಥದ್ದನ್ನೂ. ಲಾಸಿಕ್ಸ್ ನೀರು ತೆಗೆಯುತ್ತದೆ, ರಾಮಿಪ್ರಿಲ್ ಹೊರಬಾಗಿಲನ್ನು ಸಡಿಲಿಸುತ್ತದೆ, ನೋವಿನ ಮಾತ್ರೆ ಒಳಬಾಗಿಲು ಮುಚ್ಚುತ್ತದೆ. ಇದರ ಮೇಲೆ ಏಪ್ರಿಲ್ ತಿಂಗಳಲ್ಲಿ ಪಾವಗಡದ ಬಿಸಿಲು. ಮೊದಲೆರಡನ್ನು ವೈದ್ಯರು ಕಾರಣವಿದ್ದೇ ಬರೆದಿರುತ್ತಾರೆ, ಕೇಳದೆ ನಿಲ್ಲಿಸುವುದು ಅಪಾಯ. ಮೂರನೆಯದನ್ನು ಬರೆದವರೇ ಇರುವುದಿಲ್ಲ. ಹಾಳಾದ ಹಲ್ಲು, ವಸಡಿನ ಕೀವಿನಿಂದ ಕವಾಟಕ್ಕೇ ಸೋಂಕು ತಗುಲಿದರೆ ಇನ್ನೊಂದು ಅಪಾಯ: ಸೋಂಕೂ ಕಿಡ್ನಿಯನ್ನು ಕೆಡಿಸುತ್ತದೆ, ಅದನ್ನು ಕೊಲ್ಲಲು ವಾರಗಟ್ಟಲೆ ಕೊಡಬೇಕಾಗಬಹುದಾದ ಜೆಂಟಾಮೈಸಿನ್ ಕೂಡ ಕೆಡಿಸುತ್ತದೆ, ಅದೇ ಹೊತ್ತಿಗೆ ಆಪರೇಷನ್ ತುರ್ತಾಗಿ ಬಿಡುತ್ತದೆ.

ವಯಸ್ಸಾದವರ ಅಯೋರ್ಟಿಕ್ ಕವಾಟವನ್ನು ತೊಡೆಯ ರಕ್ತನಾಳದಿಂದಲೇ ಕೂರಿಸುವ ವಿಧಾನವನ್ನು ಫ್ರಾನ್ಸಿನ ಆಲನ್ ಕ್ರಿಬಿಯೆ 2002ರಲ್ಲಿ ಮೊದಲ ಬಾರಿಗೆ ಮಾಡಿ ತೋರಿಸಿದರು. ಅಲ್ಲಿ ಯಂತ್ರವಿಲ್ಲ, ಬದಲಿಗೆ ಡೈ ಇದೆ, ರಕ್ತಸ್ರಾವದ ಸಾಧ್ಯತೆಯಿದೆ, ಕವಾಟ ಕೂರಿಸುವ ಗಳಿಗೆಯಲ್ಲಿ ಬಿ.ಪಿ. ಕುಸಿಯುವುದಿದೆ. ಕಿಡ್ನಿಗೆ ಎದೆ ತೆರೆಯುವುದಕ್ಕಿಂತ ಇದು ಮೇಲು, ಕಿರಿದಾದ ಕವಾಟ ತೆರೆದು ರಕ್ತ ಹರಿದೊಡನೆ ಕಿಡ್ನಿ ಮೊದಲಿಗಿಂತ ಸುಧಾರಿಸುವ ರೋಗಿಗಳೂ ಇದ್ದಾರೆ. ಆದರೂ ಇಲ್ಲಿ ಹಾನಿಗೊಳಗಾಗುವವರ ಪಟ್ಟಿ ಹಳೆಯದೇ: ಮೊದಲೇ ಸೋತ ಕಿಡ್ನಿ, ಸಕ್ಕರೆ ಕಾಯಿಲೆ, ರಕ್ತಹೀನತೆ. ವಿಧಾನ ಬದಲಾದರೂ ಪಟ್ಟಿ ಬದಲಾಗದಿರುವುದು ಈ ವಾದಕ್ಕೆ ಸಿಗುವ ಬಲವಾದ ಸಾಕ್ಷಿ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಜನ ಹೆದರಿ ಆಪರೇಷನ್ನಿಗೇ ಹೋಗುವುದಿಲ್ಲ ಎನ್ನುವವರಿದ್ದಾರೆ. ಕೆಟ್ಟ ಕವಾಟ ಹಾಗೆಯೇ ಬಿಟ್ಟರೆ ಕಿಡ್ನಿಯನ್ನು ಉಳಿಸುವುದಿಲ್ಲ, ಹೃದಯದ ಜೊತೆಗೇ ಕರೆದೊಯ್ಯುತ್ತದೆ. ಹೆದರಬೇಕಾದದ್ದು ಆಪರೇಷನ್ನಿಗಲ್ಲ, ಮುಂದೂಡುವುದಕ್ಕೆ. ಇನ್ನು ‘ಇವೆಲ್ಲ ಬಡತನದ ಲಕ್ಷಣಗಳು, ಆರೋಗ್ಯ ಕೇಂದ್ರದಿಂದ ಏನಾದೀತು’ ಎಂಬ ಮಾತು. ಜರ್ಮನಿಯ ಮ್ಯುನ್‌ಸ್ಟರ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೃದಯದ ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಮೂತ್ರ ಪರೀಕ್ಷೆಯಿಂದ ಹೆಚ್ಚು ಅಪಾಯವಿದ್ದ 276 ರೋಗಿಗಳನ್ನು ಗುರುತಿಸಿ, ಅರ್ಧ ಜನಕ್ಕೆ ಹೊಸ ಔಷಧವಲ್ಲ, ಬರೀ ಶ್ರದ್ಧೆಯ ಆರೈಕೆ ಕೊಟ್ಟರು: ಬಿ.ಪಿ. ಮತ್ತು ರಕ್ತದ ಹರಿವಿನ ಮೇಲೆ ಕಣ್ಣು, ಸಕ್ಕರೆ ಹತೋಟಿ, ಕಿಡ್ನಿಗೆ ವಿಷವಾಗುವ ಔಷಧಗಳ ವರ್ಜನೆ, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಗೆ ಎರಡು ದಿನ ವಿರಾಮ. ಕಿಡ್ನಿ ಹಾನಿ ಶೇ. 71.7ರಿಂದ 55.1ಕ್ಕೆ ಇಳಿಯಿತು. ಯಾರಿಗೆ ಅಪಾಯ ಹೆಚ್ಚು ಎಂದು ಕ್ರಿಯೇಟಿನಿನ್ ಏರುವ ಮೊದಲೇ ತಿಳಿದದ್ದರಿಂದ ಆದ ಕೆಲಸ ಅದು. ಆ ಎಚ್ಚರವನ್ನು ಊರಿನಿಂದಲೇ ಶುರುಮಾಡಬಹುದು. ತೂಕ, ಹೀಮೋಗ್ಲೋಬಿನ್, ಲೆಕ್ಕ ಹಾಕಿದ ಕಿಡ್ನಿ ಶಕ್ತಿ, ಮೂತ್ರದ ಆಲ್ಬುಮಿನ್, ಕಳೆದ ಆರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಹೆಸರು, ಹಲ್ಲಿನ ಸ್ಥಿತಿ: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ರೋಗಿಯ ಜೊತೆ ಕಳಿಸಲು ಶಿರಾ ಆಸ್ಪತ್ರೆಗೆ ಹೊಸ ಕಟ್ಟಡ ಬೇಕಿಲ್ಲ.

ಮನೆಗೆ ಮರಳಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಆಪರೇಷನ್ ಸಮಯದಲ್ಲಿ ಕಿಡ್ನಿಗೆ ಪೆಟ್ಟು ಬಿದ್ದವರನ್ನು ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿ ಎಂದು 2012ರ ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಚೇತರಿಸಿಕೊಂಡಂತೆ ಕಂಡ ಕಿಡ್ನಿ ಎಷ್ಟೋ ಬಾರಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಂನಂಥ ಮಾತ್ರೆಯನ್ನು ಜೀವನವಿಡೀ ನುಂಗಬೇಕು. ಅದರ ಜೊತೆ ನೋವಿನ ಮಾತ್ರೆ ಸೇರಿದರೆ ಕಿಡ್ನಿಯ ಅಪಾಯದ ಮೇಲೆ ಹೊಟ್ಟೆಯೊಳಗಿನ ರಕ್ತಸ್ರಾವದ ಅಪಾಯವೂ ಬಂತು. ಆ ಮಾತ್ರೆಯ ಪ್ರಮಾಣ ನೋಡಲು ಅವರು ಆಗಾಗ ಐಎನ್‌ಆರ್ ಪರೀಕ್ಷೆಗೆ ತೋಳು ಚಾಚುತ್ತಲೇ ಇರುತ್ತಾರೆ. ಮೂರನೇ ತಿಂಗಳ ಭೇಟಿಯಲ್ಲಿ ಅದೇ ಸೂಜಿಯಿಂದ ಇನ್ನೆರಡು ಮಿಲಿಲೀಟರ್ ರಕ್ತ ತೆಗೆದು ಕ್ರಿಯೇಟಿನಿನ್ ನೋಡಿ, ಬಂದ ಸಂಖ್ಯೆಯನ್ನು ಆಪರೇಷನ್ನಿಗೆ ಮೊದಲಿನದರ ಪಕ್ಕ ಬರೆಯುವ ಕೆಲಸವನ್ನು ಯಾವ ತಾಲ್ಲೂಕು ಲ್ಯಾಬಿನವರಾದರೂ ಮಾಡಬಲ್ಲರು. ಹಾಗೆ ಬರೆಯಲು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಖಾಲಿ ಕಾಲಂ ಇರಬೇಕು.